ಪೊರೆಯ ಪಾಠ, ಶಕ್ತಿಯ ಪಾಠ: ನಾನು ಎರಡನ್ನೂ ಕೂಡಿಸಿದ್ದು ಹೀಗೆ

ಬಹಳ ವರ್ಷ ನಾನು ಕೋಶಪೊರೆಯನ್ನು ಒಂದು ತಿಂಗಳು, ಕೋಶದ ಉಸಿರಾಟವನ್ನು ಇನ್ನೊಂದು ತಿಂಗಳು ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತು, ಮಧ್ಯೆ ಬೇರೆ ಅಧ್ಯಾಯಗಳು. ಪೊರೆಯ ಪಾಠದಲ್ಲಿ ‘ಈ ಕೆಲಸಕ್ಕೆ ಎಟಿಪಿ (ಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ಅಣು) ಬೇಕು’ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಎಟಿಪಿ ಪಾಠ ಬರುವಷ್ಟರಲ್ಲಿ ಮಕ್ಕಳಿಗೆ ಪೊರೆ ಮರೆತೇ ಹೋಗಿರುತ್ತಿತ್ತು.

ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಮೇಡಂ, ಸೋಡಿಯಂ ಆಚೆ ನೂಕೋಕೆ ಎಟಿಪಿ ಬೇಕು ಅಂದ್ರಿ. ಎಟಿಪಿ ಮಾಡೋದು ಮೈಟೊಕಾಂಡ್ರಿಯಾ. ಅದರೊಳಗೂ ಪೊರೆ ಅಷ್ಟೊಂದು ಮಡಚಿಕೊಂಡಿದೆಯಲ್ಲ, ಅದಕ್ಕೇನು ಕೆಲಸ?"

"ಜಾಗ ಜಾಸ್ತಿ ಸಿಗಲಿ ಅಂತ" ಅಂದೆ.

"ಯಾತಕ್ಕೆ ಜಾಗ, ಮೇಡಂ?"

ನನ್ನ ಉತ್ತರ ಸಾಲದು ಅಂತ ನನಗೇ ಗೊತ್ತಾಯಿತು. ಅವತ್ತು ಸಂಜೆ ಎರಡೂ ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಪೊರೆಯಲ್ಲಿ ಅಯಾನುಗಳನ್ನು, ಅಂದರೆ ಸೋಡಿಯಂನಂಥ ವಿದ್ಯುದಾವೇಶ ಇರುವ ಕಣಗಳನ್ನು, ದಾಟಿಸಲು ಎಟಿಪಿ ಬೇಕು, ನಿಜ. ಆದರೆ ಆ ಎಟಿಪಿಯ ಬಹುಪಾಲು ತಯಾರಾಗುವುದೂ ಪೊರೆಯಲ್ಲಿ ಅಯಾನು ದಾಟುವುದರಿಂದಲೇ. ಇದನ್ನು ನಾನು ಎರಡು ಪಾಠ ಅಂತ ಒಡೆದು ಹೇಳುತ್ತಿದ್ದೆ. ಮುಂದಿನ ವರ್ಷದಿಂದ ಕೂಡಿಸಿಯೇ ಹೇಳಲು ಶುರು ಮಾಡಿದೆ.

ಈಗ ನನ್ನ ಪಾಠ ಶುರುವಾಗುವುದು ಕೆಂಪು ಈರುಳ್ಳಿಯಿಂದ. ಪದರದ ಹೊರಮೈಯಿಂದ ಬಣ್ಣದ ತೆಳು ಸಿಪ್ಪೆ ಎಳೆದು ಸ್ಲೈಡ್ ಮೇಲೆ ಹರಡುತ್ತೇವೆ. ಬಣ್ಣ ಕೋಶದ ರಸದಾನಿಯಲ್ಲೇ (ರಸ ತುಂಬಿದ ಒಳಚೀಲ, ವ್ಯಾಕ್ಯೂಲ್) ಇರುವುದರಿಂದ ಬೇರೆ ಬಣ್ಣ ಹಾಕಬೇಕಿಲ್ಲ. ಕವರ್‌ಸ್ಲಿಪ್‌ನ ಒಂದು ಪಕ್ಕ 5% ಉಪ್ಪುನೀರಿನ ಹನಿ ಬಿಟ್ಟು, ಇನ್ನೊಂದು ಪಕ್ಕ ಬ್ಲಾಟಿಂಗ್ ಪೇಪರ್ ತಾಗಿಸಿದರೆ ಉಪ್ಪುನೀರು ಕೆಳಗೆ ಹರಿದು ಬರುತ್ತದೆ. ಕಣ್ಣು ಮೈಕ್ರೋಸ್ಕೋಪಿನಿಂದ ತೆಗೆಯಬೇಡಿ ಅಂತ ಮೊದಲೇ ಹೇಳಿರುತ್ತೇನೆ. ಮೊದಲು ಕೋಶದ ಮೂಲೆಗಳಲ್ಲಿ ಬಣ್ಣ ಬಿಟ್ಟು ಸಣ್ಣ ಸಂದು ಕಾಣುತ್ತದೆ. ಸಂದು ಅಗಲವಾಗುತ್ತಾ ಹೋಗುತ್ತದೆ. ಕೋಶಭಿತ್ತಿ ಇದ್ದಲ್ಲೇ ಇರುತ್ತದೆ. ಒಳಗಿನ ಬಣ್ಣದ ಮುದ್ದೆ ಮಾತ್ರ ಕುಗ್ಗುತ್ತದೆ, ಕುಗ್ಗಿದಷ್ಟೂ ಕಡುವಾಗುತ್ತದೆ. ಆ ಮುದ್ದೆಯ ಅಂಚೇ ಪೊರೆ ಇರುವ ಜಾಗ. ಸುಮಾರು 5 ನ್ಯಾನೋಮೀಟರ್ ದಪ್ಪದ ಪೊರೆ ಈ ಮೈಕ್ರೋಸ್ಕೋಪಿಗೆ ಕಾಣುವುದೇ ಇಲ್ಲ, ಆದರೆ ಅದು ಎಲ್ಲಿದೆ ಅಂತ ಇಲ್ಲಿ ಬೆರಳಿಟ್ಟು ತೋರಿಸಬಹುದು.

ಆಮೇಲೆ ಬರೀ ನೀರು ಹಾಯಿಸುತ್ತೇವೆ. ಮುದ್ದೆ ನಿಧಾನವಾಗಿ ಉಬ್ಬಿ ಮತ್ತೆ ಗೋಡೆ ಮುಟ್ಟುತ್ತದೆ. ಮೊದಲ ಸಲ ನಾನು ಉಪ್ಪನ್ನು ಅಂದಾಜಿನ ಮೇಲೆ ಸುರಿದಿದ್ದೆ. ತುಂಬಾ ಗಟ್ಟಿ ದ್ರಾವಣವಾಗಿ ಕೋಶಗಳು ಸತ್ತವು, ನೀರು ಬಿಟ್ಟರೂ ಮರಳಲಿಲ್ಲ. ಹಾಗಾಗಿ ತೂಕ ಮಾಡಿಯೇ ಹಾಕಿ: 100 ಮಿಲಿ ದ್ರಾವಣಕ್ಕೆ 5 ಗ್ರಾಂ. ಇನ್ನೊಂದು ಸ್ಲೈಡ್‌ನಲ್ಲಿ ಕುದಿಸಿದ ಸಿಪ್ಪೆ ಇಡುತ್ತೇನೆ. ಅದರ ಬಣ್ಣ ಸೋರಿಹೋಗಿರುತ್ತದೆ. ಪೊರೆ ಹಾಳಾಗಿದೆ, ಕುಗ್ಗುವುದಕ್ಕೆ ಏನೂ ಉಳಿದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ನೀರು ದಾಟಿದ್ದಕ್ಕೆ ಕೋಶ ಒಂದು ಎಟಿಪಿಯನ್ನೂ ಖರ್ಚು ಮಾಡಲಿಲ್ಲ. ಇದು ಬರೀ ಅಭಿಸರಣ, ಅಂದರೆ ಆಸ್ಮಾಸಿಸ್. ವಿಸರಣೆ, ಅಭಿಸರಣಗಳ ವ್ಯಾಖ್ಯಾನ ಬರೆಸುವುದರಲ್ಲಿ ನಾನು ಹೊತ್ತು ಕಳೆಯುವುದಿಲ್ಲ, ಅದನ್ನು ಓದಿಕೊಂಡೇ ಬಂದಿರುತ್ತಾರೆ.

ಮರುದಿನ ಯೀಸ್ಟ್. ಉಗುರುಬೆಚ್ಚಗಿನ ನೀರಿಗೆ ಒಣ ಯೀಸ್ಟ್, ಸಕ್ಕರೆ ಕದಡಿ ಎರಡು ಟೆಸ್ಟ್ ಟ್ಯೂಬ್‌ಗೆ ಹಂಚುತ್ತೇವೆ. ಒಂದನ್ನು ಚೆನ್ನಾಗಿ ಕುದಿಸಿ ಆರಿಸುತ್ತೇವೆ. ಎರಡಕ್ಕೂ ಕೆಲವೇ ಹನಿ ಮೆಥಿಲೀನ್ ಬ್ಲೂ. ಕುದಿಸಿದ್ದು ನೀಲಿಯಾಗೇ ಉಳಿಯುತ್ತದೆ. ಜೀವಂತ ಯೀಸ್ಟಿನ ಟ್ಯೂಬು ಕೆಲವು ನಿಮಿಷದಲ್ಲಿ ಬೆಳ್ಳಗಾಗುತ್ತದೆ, ಗಾಳಿ ತಾಗುವ ಮೇಲ್ತುದಿಯಲ್ಲಿ ಮಾತ್ರ ತೆಳ್ಳಗೆ ನೀಲಿ ಉಂಗುರ. ಟ್ಯೂಬನ್ನು ಜೋರಾಗಿ ಕುಲುಕಿದರೆ ಪೂರ್ತಿ ನೀಲಿ ವಾಪಸ್. ಇಟ್ಟರೆ ಮತ್ತೆ ಬೆಳ್ಳಗೆ. ಮಕ್ಕಳು ಇದನ್ನು ಎಷ್ಟು ಸಲ ಮಾಡಿದರೂ ನಾನು ಬೇಡ ಅನ್ನುವುದಿಲ್ಲ. ಸಕ್ಕರೆ ಒಡೆದಾಗ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಆ ನೀಲಿ ಬಣ್ಣ ತೆಗೆದುಕೊಂಡಿತು, ಬಣ್ಣ ಕಳೆದುಕೊಂಡಿತು. ಕುಲುಕಿದಾಗ ಆಕ್ಸಿಜನ್ ಬೆರೆತು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತು, ನೀಲಿ ಮರಳಿತು. ಸಕ್ಕರೆಯಿಂದ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಕೈ ಬದಲಾಯಿಸುವುದನ್ನು ಕಣ್ಣಾರೆ ನೋಡಿದ ಹಾಗಾಯಿತು, ಅಲ್ವಾ?

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳು ಹೀಗೇ ಕೈಯಿಂದ ಕೈಗೆ ಸಾಗುವಾಗ, ಒಳಪೊರೆಯ ಪ್ರೋಟೀನುಗಳು ಹೈಡ್ರೋಜನ್ ಅಯಾನುಗಳನ್ನು, ಅಂದರೆ ಪ್ರೋಟಾನುಗಳನ್ನು, ಆಚೆಗೆ ನೂಕುತ್ತವೆ. ಪೊರೆಯ ಎರಡು ಪಕ್ಕದ ನಡುವೆ ಸುಮಾರು 150 ಮಿಲಿವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ. ಸುಮ್ನೆ ಕೇಳಿದರೆ ಸಣ್ಣ ಸಂಖ್ಯೆ. ಅದನ್ನು 5 ನ್ಯಾನೋಮೀಟರ್ ದಪ್ಪದಿಂದ ಭಾಗಿಸಿ ಅಂತ ಬೋರ್ಡಿಗೆ ಕರೆಯುತ್ತೇನೆ. ಮೀಟರ್‌ಗೆ 3 ಕೋಟಿ ವೋಲ್ಟ್ ಬರುತ್ತದೆ. ಪೊರೆಯಲ್ಲಿ ತೂತಿದ್ದರೆ ಈ ಒತ್ತಡ ನಿಲ್ಲುತ್ತಿರಲಿಲ್ಲ. ಪೊರೆಯ ಕೆಲಸ ಇದೇ, ಮಡಿಕೆಗಳು ಜಾಸ್ತಿ ಇದ್ದಷ್ಟೂ ಈ ಕೆಲಸಕ್ಕೆ ಜಾಗ ಜಾಸ್ತಿ.

ಈ ಪ್ರೋಟಾನ್ ಒತ್ತಡದಿಂದಲೇ ಎಟಿಪಿ ತಯಾರಾಗುತ್ತದೆ ಅಂತ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. ಜಗೆನ್‌ಡಾರ್ಫ್ ಮತ್ತು ಉರಿಬೆ 1966ರಲ್ಲಿ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಕ್ಲೋರೋಪ್ಲಾಸ್ಟಿನ (ಎಲೆಯ ಕೋಶದಲ್ಲಿ ಬೆಳಕು ಹಿಡಿಯುವ ಹಸಿರು ಭಾಗ) ಒಳಪೊರೆಗಳನ್ನು ಆಮ್ಲದಲ್ಲಿ ನೆನೆಸಿದರು. ಆಮೇಲೆ ಕತ್ತಲಲ್ಲೇ, ಎಡಿಪಿ ಮತ್ತು ಫಾಸ್ಫೇಟ್ (ಇವೆರಡೂ ಸೇರಿದರೆ ಎಟಿಪಿ) ಇದ್ದ ಕ್ಷಾರದ ದ್ರಾವಣಕ್ಕೆ ವರ್ಗಾಯಿಸಿದರು. ಎಟಿಪಿ ತಯಾರಾಯಿತು. ಬೆಳಕಿಲ್ಲ, ಸಕ್ಕರೆಯಿಲ್ಲ. ಪೊರೆಯ ಒಳಗೆ ಪ್ರೋಟಾನ್ ಹೆಚ್ಚು, ಹೊರಗೆ ಕಡಿಮೆ, ಅಷ್ಟೇ ಸಾಕಾಯಿತು. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಎಟಿಪಿ ಸಿಂಥೇಸ್ ಅನ್ನುವ ಪ್ರೋಟೀನ್, ಆಚೆ ನೂಕಿದ ಪ್ರೋಟಾನುಗಳನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಾ ತಿರುಗುತ್ತದೆ, ಎಟಿಪಿ ಮಾಡುತ್ತದೆ. ಕೋಶದ ಹೊರಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಅನ್ನುವ ಪ್ರೋಟೀನ್ ಒಂದು ಎಟಿಪಿ ಒಡೆದು 3 ಸೋಡಿಯಂ ಆಚೆ, 2 ಪೊಟ್ಯಾಸಿಯಂ ಒಳಗೆ ಮಾಡುತ್ತದೆ. ಒಂದು ಗಳಿಸುವುದು, ಇನ್ನೊಂದು ಖರ್ಚು ಮಾಡುವುದು. ಪರಿಸ್ಥಿತಿ ತಿರುಗಿದರೆ ಎರಡೂ ಹಿಮ್ಮುಖವಾಗಿ ಕೆಲಸ ಮಾಡಬಲ್ಲವು. 1997ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಸಿಂಥೇಸ್‌ಗಾಗಿ ಬಾಯರ್ ಮತ್ತು ವಾಕರ್ ಅವರಿಗೆ, ಇನ್ನರ್ಧ ಪಂಪ್‌ಗಾಗಿ ಸ್ಕೌ ಅವರಿಗೆ ಸಿಕ್ಕಿತು. ಬಹುಮಾನ ಕೊಟ್ಟವರು ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಸರಿ ಅಂತಲೇ ನನಗನ್ನಿಸುತ್ತದೆ.

ಒಂದು ಗ್ಲೂಕೋಸ್‌ಗೆ 38 ಎಟಿಪಿ ಅಂತ ನಾನು ಬರೆಸುತ್ತಿದ್ದದ್ದನ್ನೂ ಬಿಟ್ಟೆ. ಈಗ 30ರಿಂದ 32 ಅನ್ನುತ್ತೇನೆ. ಯಾಕೆ ಕಡಿಮೆ ಅಂತ ಮಕ್ಕಳು ಕೇಳುತ್ತಾರೆ, ಅದಕ್ಕೇ ಕಾಯುತ್ತಿರುತ್ತೇನೆ. ಎಡಿಪಿಯನ್ನು ಮೈಟೊಕಾಂಡ್ರಿಯಾದ ಒಳಗೆ ತರಬೇಕು, ಫಾಸ್ಫೇಟ್ ತರಬೇಕು, ತಯಾರಾದ ಎಟಿಪಿಯನ್ನು ಹೊರಗೆ ಕಳಿಸಬೇಕು. ಈ ಸಾಗಾಟದ ಖರ್ಚೂ ಅದೇ ಪ್ರೋಟಾನುಗಳ ಲೆಕ್ಕದಲ್ಲೇ ಹೋಗುತ್ತದೆ. ಶಕ್ತಿಯ ಪಾಠದೊಳಗೆ ಪೊರೆಯ ಪಾಠ ಮತ್ತೆ ಬಂತು.

ಪರೀಕ್ಷೆಗೆ ನಾನು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಆಕ್ಸಿಜನ್ ಸಿಗದ ಪ್ರಾಣಿಕೋಶ ಯಾಕೆ ಊದಿಕೊಳ್ಳುತ್ತದೆ? ಎಲೆಕ್ಟ್ರಾನ್ ತೆಗೆದುಕೊಳ್ಳುವವರಿಲ್ಲ, ಪ್ರೋಟಾನ್ ನೂಕುವುದು ನಿಲ್ಲುತ್ತದೆ, ಎಟಿಪಿ ಕಡಿಮೆಯಾಗುತ್ತದೆ, ಪಂಪ್ ಸೋಲುತ್ತದೆ, ಸೋಡಿಯಂ ಒಳಗೆ ಸೇರುತ್ತದೆ, ಅದರ ಹಿಂದೆ ನೀರು. ಉತ್ತರ ಈರುಳ್ಳಿಯ ಸ್ಲೈಡಿಗೇ ಬಂದು ನಿಲ್ಲುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಇಷ್ಟನ್ನೂ ಸರಿಯಾಗಿ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ. "ಕೆಂಪು ರಕ್ತಕಣ ಮಾತ್ರ ಈ ಕಾರಣಕ್ಕೆ ಊದಲ್ಲ ಮೇಡಂ. ಅದಕ್ಕೆ ಮೈಟೊಕಾಂಡ್ರಿಯಾ ಇಲ್ಲ, ಆಕ್ಸಿಜನ್ ಇಲ್ಲದೆ ಗ್ಲೈಕಾಲಿಸಿಸ್ (ಗ್ಲೂಕೋಸ್ ಒಡೆಯುವ ಮೊದಲ ಹಂತ) ಒಂದು ಗ್ಲೂಕೋಸ್‌ಗೆ ಕೊಡುವ 2 ಎಟಿಪಿಯಲ್ಲೇ ಅದರ ಪಂಪ್ ನಡೆಯುತ್ತೆ." ಆ ಸಾಲನ್ನು ನಾನು ಪಾಠದಲ್ಲಿ ಹೇಳಿರಲಿಲ್ಲ.