ಕನ್ನಂಬಾಡಿ ಕಟ್ಟೆಯ ಲೆಕ್ಕದಲ್ಲಿ ನಾನು ಸಿ ಕಲಿತಿದ್ದು

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂ. ಮಂಡ್ಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಸೇರಿದ ಮೊದಲ ವರ್ಷವೇ ಸಿ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಬಂತು. ಅಲ್ಲಿವರೆಗೆ ಕಂಪ್ಯೂಟರ್ ಮುಟ್ಟಿದ್ದು ಸೈಬರ್ ಸೆಂಟರಿನಲ್ಲಿ ರಿಸಲ್ಟ್ ನೋಡುವಾಗ ಮಾತ್ರ.

ಎಲ್ಲರೂ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಸೀನಿಯರ್ ಹತ್ತಿರ ರೆಕಾರ್ಡ್ ಇಸ್ಕೊಂಡು ಬಂದು ಪ್ರೋಗ್ರಾಮ್‌ಗಳನ್ನು ಬಾಯಿಪಾಠ ಹೊಡೆದೆ. ಫ್ಯಾಕ್ಟೋರಿಯಲ್, ಫಿಬೊನಾಚಿ, ಪ್ರೈಮ್ ನಂಬರ್, ಎಲ್ಲ ಸೆಮಿಕೋಲನ್ ಸಮೇತ. ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೊಟ್ಟರು ನೋಡಿ, ಕೈಯೇ ಓಡಲಿಲ್ಲ. ಹದಿಮೂರರ ಫ್ಯಾಕ್ಟೋರಿಯಲ್ (ಒಂದರಿಂದ ಹದಿಮೂರರವರೆಗಿನ ಗುಣಲಬ್ಧ) ಅಂತ ಸ್ಕ್ರೀನ್ ಮೇಲೆ ಏನೋ ಒಂದು ಸಂಖ್ಯೆ ಬಂದರೆ ಅದು ಸರಿಯೋ ತಪ್ಪೋ ನನಗೆ ಹೇಗೆ ಗೊತ್ತಾಗಬೇಕು?

ದಾರಿ ತೋರಿಸಿದ್ದು ಮನೆಯಲ್ಲಿನ ಪೇಪರು. ಮಳೆಗಾಲ ಶುರುವಾದರೆ ನಮ್ಮಪ್ಪ ಮೊದಲು ನೋಡೋದು ಕೆಆರ್‌ಎಸ್ ನೀರಿನ ಮಟ್ಟ. ನಾಲೆಗೆ ನೀರು ಬಿಟ್ಟರೆ ತಾನೇ ನಾಟಿ? "ಕಟ್ಟೆ ಎಷ್ಟಾಯ್ತು ನೋಡ್ಲಾ" ಅಂತ ಪೇಪರ್ ನನ್ನ ಕೈಗೆ ಕೊಡುತ್ತಿದ್ದರು. ಗರಿಷ್ಠ ಮಟ್ಟ 124.80 ಅಡಿ, ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಉತ್ತರ ಮೊದಲೇ ಗೊತ್ತಿರೋ ಲೆಕ್ಕ ಇದೇ ಅನ್ನಿಸಿತು. ಏಳು ದಿನದ ಮಟ್ಟ ಬರೆದುಕೊಂಡು ಪ್ರೋಗ್ರಾಮ್‌ಗೆ ಕೂತೆ.

ಮೊದಲ ಸಲ ಮಟ್ಟವನ್ನು ಇಂಟ್, ಅಂದರೆ ಪೂರ್ಣಾಂಕ, ಅಂತ ಬರೆದಿದ್ದೆ. 118.65 ಕೊಟ್ಟರೆ 118 ಮಾತ್ರ ಉಳಿಯಿತು. ಚುಕ್ಕಿ ಆದಮೇಲಿನದ್ದನ್ನು ಇಂಟ್ ಇಟ್ಟುಕೊಳ್ಳೋದೇ ಇಲ್ಲ. ಚುಕ್ಕಿ ಇರೋ ಸಂಖ್ಯೆ ಹಿಡಿಯೋ ಫ್ಲೋಟ್ ಮಾಡಿದೆ. ಟೈಪ್ ಮಾಡಿದ್ದನ್ನು ಓದಿಕೊಳ್ಳೋ ಸ್ಕ್ಯಾನ್‌ಎಫ್‌ನಲ್ಲಿ & ಹಾಕೋದು ಮರೆತೆ, ಪ್ರೋಗ್ರಾಮ್ ನಿಂತೇಹೋಯಿತು. ಆ ಚಿಹ್ನೆ ಅಂದರೆ ವಿಳಾಸ, ಓದಿದ ಸಂಖ್ಯೆಯನ್ನು ಎಲ್ಲಿ ಇಡಬೇಕು ಅಂತ ತೋರಿಸೋದು ಅದೇ ಅಂತ ಅವತ್ತು ಅರ್ಥವಾಯಿತು. ದಿನಕ್ಕೆ ಎಷ್ಟು ಏರಿತು ಅಂತ ಸುತ್ತಿ ಸುತ್ತಿ ಲೆಕ್ಕ ಹಾಕೋ ಲೂಪ್‌ನಲ್ಲಿ ಮೊದಲ ದಿನಕ್ಕೇ ಕಸದಂಥ ಸಂಖ್ಯೆ ಬಂತು. ಪೆನ್ಸಿಲ್ ತಗೊಂಡು ಒಂದೊಂದೇ ಸುತ್ತು ಕಾಗದದ ಮೇಲೆ ಬರೆದೆ. ದಿನ ಎಣಿಸೋ ಐ ಸೊನ್ನೆ ಇದ್ದಾಗ ನಾನು ಕೇಳುತ್ತಿದ್ದದ್ದು ಮೈನಸ್ ಒಂದನೇ ದಿನದ ಮಟ್ಟ! ಏಳು ದಿನಕ್ಕೆ ಇರೋದು ಆರೇ ಏರಿಕೆ. ಮಟ್ಟಗಳನ್ನು ಸಾಲಾಗಿ ಇಟ್ಟ ಅರ್ರೇ ದಾಟಿ ಹೊರಗೆ ಕೈ ಹಾಕಿದರೂ ಸಿ ತಡೆಯಲ್ಲ.

ಆಮೇಲೆ ಬಂದದ್ದೇ ನನ್ನನ್ನು ಎರಡು ರಾತ್ರಿ ಕೂರಿಸಿದ ತಪ್ಪು. ಮಟ್ಟ == 124.80 ಆದರೆ "ಕಟ್ಟೆ ತುಂಬಿದೆ" ಅಂತ ಪ್ರಿಂಟ್ ಆಗಬೇಕು, ಇಲ್ಲದಿದ್ದರೆ "ತುಂಬಿಲ್ಲ". 124.80 ಅಂತ ಟೈಪ್ ಮಾಡಿದೆ. ತುಂಬಿಲ್ಲ ಅಂದಿತು. ಮತ್ತೆ ಟೈಪ್ ಮಾಡಿದೆ. ತುಂಬಿಲ್ಲ. ಸಿಯಲ್ಲಿ == ಅಂದರೆ ಸಮವೇ ಅಂತ ಕೇಳೋದು, ಒಂದೇ = ಅಂದರೆ ಬೆಲೆ ಇಡೋದು; == ಬದಲು ಒಂದೇ = ಹಾಕಿದ್ದೀನಾ ಅಂತ ನೋಡಿದೆ, ಎರಡೂ ಇತ್ತು. ಗರಿಷ್ಠ ಮಟ್ಟವನ್ನೇ 124.50 ಮಾಡಿ 124.50 ಕೊಟ್ಟೆ. ತುಂಬಿದೆ ಅಂದಿತು! 124.75ಕ್ಕೂ ತುಂಬಿದೆ. 124.80ಕ್ಕೆ ಮಾತ್ರ ಇಲ್ಲ.

ಅಲ್ಲಿವರೆಗೆ ಎರಡೇ ದಶಮಾಂಶ ಪ್ರಿಂಟ್ ಮಾಡುತ್ತಿದ್ದೆ. ಆರು ದಶಮಾಂಶಕ್ಕೆ ಬದಲಾಯಿಸಿದೆ. ಸ್ಕ್ರೀನ್ ಮೇಲೆ ಬಂತು: 124.800003.

ಆ ಮೂರನ್ನು ನಾನು ಇವತ್ತಿಗೂ ಮರೆತಿಲ್ಲ. ಮೂರರಲ್ಲಿ ಒಂದು ಭಾಗವನ್ನು ನಾವು 0.333 ಅಂತ ಬರೆಯುತ್ತಾ ಹೋದರೆ ಮುಗಿಯೋದೇ ಇಲ್ಲ, ಅಲ್ವಾ? ಕಂಪ್ಯೂಟರ್‌ಗೆ 0.80 ಹಾಗೇ. ಅದಕ್ಕೆ ಗೊತ್ತಿರೋದು ಅರ್ಧ, ಕಾಲು, ಅರೆಕಾಲು, ಹೀಗೆ ಎರಡರಿಂದ ಒಡೆದ ಭಾಗಗಳು. 0.50, 0.75 ಸರಿಯಾಗಿ ಕೂರುತ್ತವೆ. 0.80 ಕೂರಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಫ್ಲೋಟ್ ಬೇಗ ಕತ್ತರಿಸುತ್ತದೆ. ಪ್ರೋಗ್ರಾಮ್ ಒಳಗೆ ನಾನು ಸುಮ್ನೆ ಬರೆದ 124.80 ಮಾತ್ರ ಡಬಲ್ ಅನ್ನೋ ಇನ್ನೊಂದು ಬಗೆ ಆಗುತ್ತದೆ, ಅದನ್ನು ಇನ್ನೂ ಉದ್ದಕ್ಕೆ ಬರೆದು ಕತ್ತರಿಸುತ್ತದೆ. ಬೇರೆ ಬೇರೆ ಕಡೆ ಕತ್ತರಿಸಿದ ಎರಡು ಸಂಖ್ಯೆ ಸಮ ಹೇಗಾಗುತ್ತವೆ?

ಸರಿಮಾಡೋಕೆ ಎರಡು ದಾರಿ. ವ್ಯತ್ಯಾಸ ತೀರಾ ಚಿಕ್ಕದಾಗಿದ್ದರೆ ಸಮ ಅಂತ ಒಪ್ಪಿಕೊಳ್ಳೋದು ಒಂದು. ನಾನು ಹಿಡಿದದ್ದು ಇನ್ನೊಂದು: ಅಡಿಯನ್ನು ನೂರು ಪಾಲು ಮಾಡಿ 12480 ಅಂತ ಇಂಟ್‌ನಲ್ಲೇ ಇಟ್ಟುಕೊಳ್ಳೋದು, ಚುಕ್ಕಿ ತೋರಿಸುವಾಗ ಮಾತ್ರ ಹಾಕೋದು. ರೂಪಾಯಿ ಲೆಕ್ಕವನ್ನು ಪೈಸೆಯಲ್ಲಿ ಇಟ್ಟ ಹಾಗೆ.

ಬಾಯಿಪಾಠ ಮಾಡಿದ ಪ್ರೋಗ್ರಾಮ್‌ನಲ್ಲಿ ಈ ತಪ್ಪು ನನಗೆ ಯಾವತ್ತೂ ಸಿಗುತ್ತಿರಲಿಲ್ಲ. ಪ್ರೋಗ್ರಾಮ್ ತಪ್ಪು ಹೇಳುತ್ತಿದೆ ಅಂತ ಧೈರ್ಯವಾಗಿ ಹೇಳಬೇಕಾದರೆ ಉತ್ತರ ನಮಗೆ ಮೊದಲೇ ಗೊತ್ತಿರಬೇಕು. ಈಗ ನೀರಾವರಿ ನಾಲೆಗಳ ಲೆಕ್ಕ ಬರೆಯುವಾಗಲೂ ಕೈಯಲ್ಲಿ ಮಾಡಿ ನೋಡಿದ ಒಂದು ಚಿಕ್ಕ ಉದಾಹರಣೆ ಇಲ್ಲದೆ ನಾನು ಶುರು ಮಾಡಲ್ಲ.

ಈ ವರ್ಷ ಚಿಕ್ಕಪ್ಪನ ಮಗಳು ಮೈಸೂರಿನಲ್ಲಿ ಬಿಎಸ್ಸಿ ಸೇರಿದ್ದಾಳೆ. ಅವರಿಗೆ ಪೈಥಾನ್ ಭಾಷೆ. ಮನೆಯ ಆಲೆಮನೆ ಲೆಕ್ಕ ಬರಿ ಅಂದಿದ್ದೆ, ಎಷ್ಟು ಟನ್ ಕಬ್ಬಿಗೆ ಎಷ್ಟು ಬೆಲ್ಲ ಅಂತ. ಹೋದ ವಾರ ರಾತ್ರಿ ಫೋನ್ ಮಾಡಿದಳು. "ಅಣ್ಣಾ, 0.1ಕ್ಕೆ 0.2 ಕೂಡಿದರೆ 0.30000000000000004 ಬರ್ತಿದೆ. ನನ್ನ ಲ್ಯಾಪ್‌ಟಾಪ್ ಕೆಟ್ಟಿದ್ಯಾ?"

ಕೆಟ್ಟಿಲ್ಲ, ಒಂದು ಹಾಳೆ, ಪೆನ್ಸಿಲ್ ತಗೋ ಅಂದೆ. ಫೋನ್ ಇಟ್ಟಾಗ ಹನ್ನೊಂದೂವರೆ ಆಗಿತ್ತು.