ಬುಕ್ಕರಾಯನ ಶಾಸನವನ್ನು ನಾನು ಓದಿದ ರೀತಿ

ಮತಗಳ ನಡುವಿನ ಸೌಹಾರ್ದದ ಬಗ್ಗೆ ಕನ್ನಡದಲ್ಲಿ ಯಾರು ಬರೆದರೂ 1368ರ ಶ್ರವಣಬೆಳಗೊಳದ ಶಾಸನ ಬಂದೇ ಬರುತ್ತದೆ. ವಿಜಯನಗರದ ದೊರೆ ಬುಕ್ಕರಾಯ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ, ಎರಡು ದರ್ಶನಕ್ಕೂ ಭೇದವಿಲ್ಲ ಎಂದ. ಸಾಮಾನ್ಯವಾಗಿ ಮಾತು ಅಲ್ಲಿಗೆ ಮುಗಿಯುತ್ತದೆ. ಮಧ್ಯಕಾಲದ ಮತಚರಿತ್ರೆ ನನ್ನ ಓದಿನ ವಿಷಯ. ಈ ಶಾಸನದ ಮೇಲೆ ಲೇಖನ ಬರೆಯಲು ಕೂತಾಗ ಆ ಎರಡು ವಾಕ್ಯವನ್ನು ಬೇಕಂತಲೇ ಪಕ್ಕಕ್ಕಿಟ್ಟೆ. ಉಳಿದದ್ದು ಒಂದು ಕರಾರು ಪತ್ರ. ಕರಾರು ಓದುವ ಹಾಗೆಯೇ ಓದೋಣ ಅಂದುಕೊಂಡೆ: ಯಾರು, ಯಾರಿಗೆ, ಏನು ಕೊಡಬೇಕು? ತಪ್ಪಿದರೆ ಏನು?

ಮೊದಲು ಪಠ್ಯದ ವಿಷಯ. ಶ್ರವಣಬೆಳಗೊಳದ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು. ಅದರಲ್ಲಿ ಇದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500 ಆಯಿತು. ಹಾಗಾಗಿ ಒಂದೇ ಶಾಸನಕ್ಕೆ ಹಳೆಯ ಲೇಖನಗಳಲ್ಲಿ ಒಂದು ಸಂಖ್ಯೆ, ಆಮೇಲಿನವುಗಳಲ್ಲಿ ಇನ್ನೊಂದು. ಹೊಸಬರು ಇಲ್ಲೇ ಸುಸ್ತಾಗುತ್ತಾರೆ. ನಾನು ಸಂಖ್ಯೆಯನ್ನು ನಂಬದೆ ವರ್ಷ ಮತ್ತು ಜಾಗ ನೋಡಿ ಹುಡುಕುತ್ತೇನೆ. ಈ ಶಾಸನ ಇರುವುದು ಭಂಡಾರಿ ಬಸದಿಯಲ್ಲಿ. ಹೊಯ್ಸಳ ನರಸಿಂಹನ ಭಂಡಾರಿ, ಅಂದರೆ ಖಜಾಂಚಿ, ಹುಳ್ಳ ಕಟ್ಟಿಸಿದ ಬಸದಿ ಅದು.

ಅನುವಾದ ನೋಡುವ ಮುಂಚೆ ಮೂಲವನ್ನು ಕೈಯಾರೆ ಬರೆದುಕೊಂಡೆ. ಇದು ನನ್ನ ಹಳೆಯ ಅಭ್ಯಾಸ. ಬರೆಯುವಾಗ ಕಣ್ಣು ಯಾವ ಸಾಲನ್ನೂ ಹಾರಿಸುವುದಿಲ್ಲ. ಹಾಗೆ ಬರೆಯಲು ಹೊರಟರೆ ಶುರುವಿನಲ್ಲೇ ಅಚ್ಚರಿ. ಜೈನರ ಬಸದಿಯಲ್ಲಿರುವ, ಜೈನರಿಗೆ ರಕ್ಷಣೆ ಕೊಡುವ ಶಾಸನ ಆರಂಭವಾಗುವುದು ರಾಮಾನುಜರ ಸ್ತುತಿಯಿಂದ! ಅದೂ ಎಂಥ ಸ್ತುತಿ ಅಂತೀರಿ? ಪಾಷಂಡರು, ಅಂದರೆ ವೇದ ಒಪ್ಪದವರು, ಎಂಬ ಸಮುದ್ರಕ್ಕೆ ಅವರು ಬಡಬಾಗ್ನಿ, ಕಡಲನ್ನೇ ಸುಡುವ ಬೆಂಕಿ. ಶ್ರೀವೈಷ್ಣವರ ಕಣ್ಣಲ್ಲಿ ಆ ಪಾಷಂಡರ ಸಾಲಿನಲ್ಲಿ ಜೈನರೂ ಇದ್ದರು. ಹಾಗಾದರೆ ಇದನ್ನು ಬರೆಸಿದ್ದು ಯಾರು?

ಉತ್ತರ ಶಾಸನದ ಒಳಗೇ ಇದೆ. ರಾಜ್ಯದ ಎಲ್ಲ ಬಸದಿಗಳಲ್ಲೂ ಶ್ರೀವೈಷ್ಣವರೇ ಶಾಸನ ನೆಟ್ಟು ಪಾಲಿಸಬೇಕು ಎಂಬ ಸಾಲು ಬರುತ್ತದೆ. ಅಂದರೆ ಕಲ್ಲು ನೆಡುವ ಹೊಣೆ ಅವರದು. ಮಾತು ಕೊಡುವವರು ತಮ್ಮ ಗುರುವನ್ನು ನೆನೆದು ಮಾತು ಕೊಟ್ಟಿದ್ದಾರೆ. ನನಗೆ ಇದು ಜೈನರಿಗೆ ಮಾಡಿದ ಅವಮಾನದಂತೆ ಕಾಣುವುದಿಲ್ಲ. ಮಾತಿಗೆ ಬಿದ್ದ ಮೊಹರಿನ ಹಾಗೆ ಕಾಣುತ್ತದೆ. ಮಾಗಡಿ ಹತ್ತಿರದ ಕಲ್ಯದಲ್ಲೂ ಇದೇ ಒಪ್ಪಂದದ ಶಾಸನ ಸಿಕ್ಕಿದೆ. ಆ ಸಾಲು ಬರೀ ಅಲಂಕಾರದ ಮಾತಾಗಿರಲಿಲ್ಲ ಎನ್ನಲು ಇಷ್ಟು ಸಾಕು.

ಇನ್ನು ಜಗಳ ಯಾವುದರ ಬಗ್ಗೆ? ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಯ ಜೈನರು ರಾಜನಿಗೆ ದೂರು ಕೊಟ್ಟರು. ಏನು ಅನ್ಯಾಯ ಎಂದು ಶಾಸನ ಬಿಡಿಸಿ ಹೇಳುವುದಿಲ್ಲ. ಹೀಗಾದಾಗ ನಾನು ತೀರ್ಪಿನಿಂದ ಹಿಂದಕ್ಕೆ ಹೋಗುತ್ತೇನೆ. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯ ಮತ್ತು ಕಲಶ ಸಲ್ಲಬೇಕು ಎನ್ನುವುದು ತೀರ್ಪು. ಅಲ್ಲಿಗೆ ತಕರಾರು ಜೀವಾತ್ಮ ಪರಮಾತ್ಮರ ಬಗ್ಗೆ ಅಲ್ಲ, ಬೀದಿಯಲ್ಲಿ ಸಲ್ಲುವ ಮರ್ಯಾದೆಯ ಬಗ್ಗೆ ಎಂದು ನಾನು ಊಹಿಸಿದೆ. ಶ್ರೀವೈಷ್ಣವರ ಕಡೆಯ ಪಟ್ಟಿಯೂ ಇದಕ್ಕೆ ಒಪ್ಪುತ್ತದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಜೊತೆಗೆ ಅಸ್ಪೃಶ್ಯರೆಂದು ದೂರವಿಟ್ಟಿದ್ದ ತಿರುಕುಲ, ಜಾಂಬವಕುಲದವರನ್ನೂ ಹೆಸರಿಸಿದೆ. ಬರೀ ಪಂಡಿತರ ವಾದವಾಗಿದ್ದರೆ ಇಷ್ಟು ಜನರ ಒಪ್ಪಿಗೆ ಯಾಕೆ ಬೇಕಿತ್ತು, ಅಲ್ವಾ?

ನಾನು ಜಾಸ್ತಿ ಹೊತ್ತು ಕೂತದ್ದು ದುಡ್ಡಿನ ಸಾಲುಗಳ ಮೇಲೆ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ (ಆ ಕಾಲದ ನಾಣ್ಯ) ಎತ್ತಬೇಕು. ಎತ್ತುವವನು ಶ್ರೀವೈಷ್ಣವನಾದ ತಿರುಮಲೆಯ ತಾತಯ್ಯ. ಅದರಿಂದ ಬೆಳಗೊಳದ ದೇವರ ಮೈಗಾವಲಿಗೆ 20 ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸೊದೆ, ಅಂದರೆ ಸುಣ್ಣ ಬಳಿಸಬೇಕು. ಇದನ್ನು ಎರಡು ರೀತಿ ಓದಬಹುದು. ಯಾರಿಂದ ತೊಂದರೆಯೋ ಅವರ ಕಡೆಯವನಿಗೇ ಕಾವಲಿನ ದುಡ್ಡು ಕೊಡಬೇಕಾಯಿತು ಎನ್ನುವುದು ಒಂದು. ಆ ದುಡ್ಡು ಪೂರ್ತಿ ಬಸದಿಗಳಿಗೇ ಹೋಗುತ್ತದೆ, ತೊಂದರೆ ಕೊಡಬಲ್ಲವನನ್ನೇ ಹೊಣೆಗಾರ ಮಾಡಿದ ಜಾಣತನ ಇದು ಎನ್ನುವುದು ಇನ್ನೊಂದು. ನಾನು ಎರಡನೆಯದರ ಕಡೆ ವಾಲುತ್ತೇನೆ. ದೂರು ಒಯ್ದು ತಾತಯ್ಯನನ್ನು ಬರಮಾಡಿಕೊಂಡವನು ಕಲ್ಲೆಹದ ಬುಸುವಿಸೆಟ್ಟಿ, ಜೈನ ವರ್ತಕ. ಎರಡೂ ಸಮಯದವರು, ಅಂದರೆ ಎರಡೂ ಮತದವರು, ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಸೋತು ಬಂದವನಿಗೆ ಹಾಗೆ ಪಟ್ಟ ಕಟ್ಟುವುದು ಕಷ್ಟ. ಆದರೂ ಲೇಖನದಲ್ಲಿ ಎರಡೂ ಓದನ್ನು ಇಟ್ಟೆ. ಎರಡಕ್ಕೂ ಸಾಕ್ಷಿ ಅದೇ ಸಾಲು.

ಒಂದೇ ಶಾಸನದ ಮೇಲೆ ತೀರ್ಮಾನ ನಿಲ್ಲಿಸಲು ನನಗೆ ಧೈರ್ಯ ಸಾಲಲಿಲ್ಲ. ಹೋಲಿಕೆಗೆ ಹಳೇಬೀಡಿನ 1638ರ ಶಾಸನ ತೆಗೆದುಕೊಂಡೆ. ಅಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲೆ ಒಬ್ಬ ವೀರಶೈವ ಲಿಂಗಮುದ್ರೆ ಒತ್ತಿದ್ದ. ಒಬ್ಬ ಜೈನ ಅದನ್ನು ಅಳಿಸಿದ. ರಾಜಿ ಮಾಡಿಸಿದ್ದು ವೀರಶೈವ ಹಿರಿಯರ ಸಭೆಯಾದ ಮಹಾಮಹತ್ತು. ಮೊದಲು ವಿಭೂತಿ, ವೀಳ್ಯ ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂಜೆಯನ್ನು ಹಿಂದಿನಂತೆ ನಡೆಸಲಿ ಎಂದಾಯಿತು. ಇಲ್ಲೂ ಬಲ ಇದ್ದವರ ಗುರುತೇ ಮೊದಲು, ಜೈನರ ಹಕ್ಕು ಅದರ ಹಿಂದೆ. ಆದರೆ ತಪ್ಪಿದವರಿಗೆ ಹೇಳಿದ ಮಾತು ನೋಡಿ. ಈ ಜೈನ ಧರ್ಮಕ್ಕೆ ಅಡ್ಡಿ ಮಾಡಿದವನು ಶಿವನಿಗೆ ದ್ರೋಹಿ, ಜಂಗಮಕ್ಕೆ ದ್ರೋಹಿ, ವಿಭೂತಿ ರುದ್ರಾಕ್ಷಿಗೆ ದ್ರೋಹಿ. ಬುಕ್ಕನ ಶಾಸನದಲ್ಲಿ ಮೀರಿದವನು ಮೊದಲು ರಾಜದ್ರೋಹಿ, ಆಮೇಲೆ ಸಂಘಕ್ಕೆ ದ್ರೋಹಿ. ಹಳೇಬೀಡಿನಲ್ಲಿ ರಾಜನ ಹೆದರಿಕೆ ಹಾಕುವ ಅಗತ್ಯವೇ ಬೀಳಲಿಲ್ಲ.