ಇಪ್ಪತ್ತು ಜಿಬಿ ಕಡಿಮೆ ಬಿದ್ದಾಗ

ಹಳೆಯ ಕಂಪ್ಯೂಟರಿನ 500 ಜಿಬಿ ಹಾರ್ಡ್ ಡಿಸ್ಕ್ ಕೆಟ್ಟಿತು. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಲ್ಲಿ ಇಡೀ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆದಿಟ್ಟಿದ್ದೆನಾದ್ದರಿಂದ ನಿಶ್ಚಿಂತೆಯಿಂದಿದ್ದೆ. ಹೊಸದಾಗಿ 480 ಜಿಬಿ ಎಸ್‌ಎಸ್‌ಡಿ ತಂದು ಆ ನಕಲನ್ನು ಅದಕ್ಕೆ ಇಳಿಸಲು (ರಿಸ್ಟೋರ್) ಹೊರಟರೆ, ಗುರಿ ಡಿಸ್ಕ್ ಚಿಕ್ಕದಾಯಿತು ಎಂದು ಕ್ಲೋನ್‌ಜಿಲ್ಲಾ ನಿರಾಕರಿಸಿತು. ಒಳಗಿದ್ದ ಕಡತಗಳು 90 ಜಿಬಿಯಷ್ಟೇ! ಆದರೆ ಅದು ನೋಡುವುದು ಕಡತಗಳನ್ನಲ್ಲ, ಪಾರ್ಟಿಷನ್‌ಗಳ (ಡಿಸ್ಕಿನ ವಿಭಾಗಗಳ) ಅಳತೆಯನ್ನು.

ಸುತ್ತುದಾರಿ ಹಿಡಿಯಬೇಕಾಯಿತು. ಮನೆಯಲ್ಲಿ ಖಾಲಿ ಬಿದ್ದಿದ್ದ 1 ಟಿಬಿ ಡಿಸ್ಕಿಗೆ ಇಮೇಜನ್ನು ಇಳಿಸಿದೆ. ಪಾರ್ಟಿಷನ್‌ಗಳ ಗಾತ್ರ ಬದಲಿಸುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ಕೊನೆಯ ವಿಂಡೋಸ್ ಪಾರ್ಟಿಷನ್ನನ್ನು 300 ಜಿಬಿಗೆ ಕುಗ್ಗಿಸಿದೆ. ಅಲ್ಲಿಂದ ಎಸ್‌ಎಸ್‌ಡಿಗೆ ನೇರವಾಗಿ ಕ್ಲೋನ್ ಮಾಡುವಾಗ, ಕ್ಲೋನ್‌ಜಿಲ್ಲಾದ ಪರಿಣತರ ಆಯ್ಕೆಗಳಲ್ಲಿ ಡಿಸ್ಕ್ ಗಾತ್ರದ ತಪಾಸಣೆ ಬಿಟ್ಟುಬಿಡುವ ‘-icds’ ಆಯ್ಕೆಗೆ ಗುರುತು ಹಾಕಿದೆ. ಪಾರ್ಟಿಷನ್‌ಗಳ ವಿವರ ಬರೆದಿಡುವ ವಿಧಾನ ನನ್ನ ಡಿಸ್ಕಿನಲ್ಲಿ ಹಳೆಯ ಎಂಬಿಆರ್ ಆಗಿದ್ದರಿಂದ ಇಷ್ಟಕ್ಕೇ ಮುಗಿಯಿತು. ಹೊಸ ವಿಧಾನವಾದ ಜಿಪಿಟಿ ಇರುವ ಡಿಸ್ಕಿನಲ್ಲಿ ಪಾರ್ಟಿಷನ್ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ, ಅದನ್ನೂ ಸರಿಪಡಿಸಬೇಕಾಗಬಹುದು.

ಮೊದಲ ಬೂಟ್‌ಗೆ ಮುನ್ನ 1 ಟಿಬಿ ಡಿಸ್ಕನ್ನು ಕಳಚಿಟ್ಟೆ. ಎರಡೂ ಡಿಸ್ಕುಗಳಿಗೆ ಒಂದೇ ಸಹಿ (ಡಿಸ್ಕನ್ನು ಗುರುತಿಸುವ ಸಂಖ್ಯೆ) ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಷನ್ ಹಿಗ್ಗಿಸಿ ಉಳಿದ ಜಾಗವನ್ನೂ ಸೇರಿಸಿಕೊಂಡೆ. ಮೂಲ ಇಮೇಜನ್ನು ಮಾತ್ರ ಇನ್ನೂ ಅಳಿಸಿಲ್ಲ.